‘ಡರ್ಟಿ ಪ್ರೆಟಿ ಥಿಂಗ್ಸ್’ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ನಾವು ಹತ್ತು ಹದಿನೈದು ಜನ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಗೋಡೆಗೆ ಕಟ್ಟಿದ ಬಿಳಿ ಪಂಚೆಯೇ ಪರದೆ. ಈ ಸಿನಿಮಾವನ್ನು ಇದುವರೆಗೆ ಮೂರು ಸಲ ಹಾಕಿದ್ದೇವೆ. ಮೂರೂ ಸಲ ಜನ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕೊನೆಯ ಗುಟ್ಟು ಬಿಡುವ ಮೊದಲು ಒಂದು ಎಚ್ಚರಿಕೆ ಹಾಕಿದ್ದೇನೆ, ಇನ್ನೂ ನೋಡದವರು ಅಲ್ಲಿಗೆ ನಿಲ್ಲಿಸಬಹುದು.

ಇದು ಯಾವ ಸಿನಿಮಾ, ಯಾರು ಮಾಡಿದ್ದು?

2002ರ ಬ್ರಿಟಿಷ್ ಸಿನಿಮಾ. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್. ಚಿತ್ರಕಥೆ ಸ್ಟೀವನ್ ನೈಟ್ ಅವರದು. ಕ್ಯಾಮೆರಾ ಹಿಡಿದವರು ಕ್ರಿಸ್ ಮೆಂಗಸ್. ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ವರ್ಷದ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು.

ಸ್ಟೀವನ್ ನೈಟ್ ಬಗ್ಗೆ ಒಂದು ಮಾತು. ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಟಿವಿ ಆಟವನ್ನು ಕಟ್ಟಿದ ಮೂವರಲ್ಲಿ ಅವರೂ ಒಬ್ಬರು. ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯ ಮೂಲ ಅದೇ. ಒಂದು ಕೈಯಲ್ಲಿ ಕೋಟಿಯ ಆಟ, ಇನ್ನೊಂದು ಕೈಯಲ್ಲಿ ಬಿಡಿಗಾಸೂ ಇಲ್ಲದವರ ಕಥೆ. ಇದನ್ನು ಹೇಳಿದಾಗಲೆಲ್ಲ ಯಾರೋ ಒಬ್ಬರು ನಂಬುವುದಿಲ್ಲ.

ಗುಟ್ಟು ಬಿಡದೆ ಕಥೆ ಹೇಳಿ.

ಒಕ್ವೆ ನೈಜೀರಿಯಾದವನು. ಅಲ್ಲಿ ಡಾಕ್ಟರ್ ಆಗಿದ್ದ. ಲಂಡನ್‌ನಲ್ಲಿ ಹಗಲು ಬಾಡಿಗೆ ಕಾರು ಓಡಿಸುತ್ತಾನೆ, ರಾತ್ರಿ ‘ಬಾಲ್ಟಿಕ್’ ಎಂಬ ಹೋಟೆಲಿನ ರಿಸೆಪ್ಶನ್‌ನಲ್ಲಿ ಕೂರುತ್ತಾನೆ. ನಿದ್ದೆ ಅನ್ನುವುದೇ ಇಲ್ಲ. ಅದೇ ಹೋಟೆಲಿನಲ್ಲಿ ರೂಮು ಗುಡಿಸುವ ಟರ್ಕಿಯ ಹುಡುಗಿ ಶೆನಾಯ್. ಅವಳ ಪುಟ್ಟ ಮನೆಯ ಸೋಫಾದ ಮೇಲೆ ಅವನು ತಲೆ ಊರುತ್ತಾನೆ, ಗುಟ್ಟಾಗಿ.

ಒಂದು ರಾತ್ರಿ ಜೂಲಿಯೆಟ್ ಎಂಬ ವೇಶ್ಯೆ ಕೆಳಗಿಳಿದು ಬಂದು, 510ನೇ ನಂಬರ್ ರೂಮನ್ನು ಒಮ್ಮೆ ನೋಡು ಅನ್ನುತ್ತಾಳೆ. ಹೋಗಿ ನೋಡಿದರೆ ಕಮೋಡ್ ಕಟ್ಟಿಕೊಂಡು ನೀರು ಉಕ್ಕಿ ಹರಿಯುತ್ತಿದೆ. ಒಕ್ವೆ ಕೈ ಹಾಕಿ ಅಡ್ಡ ಸಿಕ್ಕಿದ್ದನ್ನು ಎಳೆಯುತ್ತಾನೆ. ಕೈಗೆ ಬಂದದ್ದು ಮನುಷ್ಯನ ಹೃದಯ.

ಅಲ್ಲಿಂದ ಕಥೆ ಶುರು.

ಹೆಸರಿಗೆ ಏನು ಅರ್ಥ?

ಹೊಲಸು, ಚೆಂದ ಎರಡೂ ಒಂದೇ ಉಸಿರಲ್ಲಿ. ಹೋಟೆಲಿನ ಮ್ಯಾನೇಜರ್ ಹುವಾನ್ ತನ್ನ ಕಸುಬನ್ನು ಹೀಗೆ ವಿವರಿಸುತ್ತಾನೆ: ರಾತ್ರಿ ಗುರುತಿಲ್ಲದ ಜನ ಬಂದು ಹೊಲಸು ಕೆಲಸ ಮಾಡಿ ಹೋಗುತ್ತಾರೆ, ಬೆಳಗಾಗುವಷ್ಟರಲ್ಲಿ ಎಲ್ಲ ಮತ್ತೆ ಚೆಂದ ಕಾಣುವ ಹಾಗೆ ಮಾಡುವುದು ನಮ್ಮ ಕೆಲಸ. ಲಾಡ್ಜಿನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಬೆಳಿಗ್ಗೆ ಬೆಡ್‌ಶೀಟ್ ತೆಗೆಯುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಕೊಲೆ ಮಾಡಿದ್ದು ಯಾರು ಅಂತ ಹುಡುಕುವ ಸಿನಿಮಾನಾ?

ಅಲ್ಲ. ಹಾಗಂದುಕೊಂಡು ಕೂತವರಿಗೆ ಅರ್ಧ ಗಂಟೆಯಲ್ಲೇ ಬೇಜಾರಾಗುತ್ತದೆ. ಯಾರು ಮಾಡಿದ್ದು ಅಂತ ನಮಗೆ ಬೇಗ ಗೊತ್ತಾಗಿಬಿಡುತ್ತದೆ. ಇಲ್ಲಿನ ಪ್ರಶ್ನೆ ಬೇರೆ: ಗೊತ್ತಾದ ಮೇಲೆ ಯಾರಿಗೆ ಹೇಳುವುದು?

ಒಂದು ದೃಶ್ಯ ನೋಡಿ. ಒಕ್ವೆ ಹೃದಯ ಸಿಕ್ಕ ವಿಷಯವನ್ನು ಹುವಾನ್‌ಗೆ ಹೇಳುತ್ತಾನೆ. ಪೊಲೀಸರಿಗೆ ತಿಳಿಸಬೇಕು ಅನ್ನುತ್ತಾನೆ. ಹುವಾನ್ ಬೆದರಿಸುವುದಿಲ್ಲ, ಕೂಗುವುದಿಲ್ಲ, ಕತ್ತಿ ತೆಗೆಯುವುದಿಲ್ಲ. ತಾನೇ ಫೋನ್ ಎತ್ತಿ ಪೊಲೀಸರ ನಂಬರ್ ಒತ್ತಿ, ರಿಸೀವರನ್ನು ಒಕ್ವೆ ಕೈಗೆ ಕೊಡುತ್ತಾನೆ. ಹೇಳು, ನಿನ್ನ ಹೆಸರು ಹೇಳು, ಎಲ್ಲಿಂದ ಬಂದೆ ಹೇಳು. ಆ ಕಡೆಯಿಂದ ದನಿ ಕೇಳಿಸುತ್ತಿದೆ. ಒಕ್ವೆ ಫೋನ್ ಇಟ್ಟುಬಿಡುತ್ತಾನೆ.

ಇಡೀ ಸಿನಿಮಾದ ಕೀಲು ಇದೇ ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಥ್ರಿಲ್ಲರ್‌ಗಳಲ್ಲಿ ನಮ್ಮನ್ನು ಕಾಡುವ ತೊಂದರೆ ಒಂದಿರುತ್ತದೆ. “ಅಯ್ಯೋ, ಇವನು ಪೊಲೀಸರಿಗೆ ಯಾಕೆ ಹೇಳಲ್ಲ?” ಅಂತ ನಾವು ಕುರ್ಚಿಯಲ್ಲಿ ಕೂತು ಚಡಪಡಿಸುತ್ತೇವೆ. ಕಥೆ ಬರೆದವರು ಫೋನ್ ತಂತಿ ಕತ್ತರಿಸುತ್ತಾರೆ, ಮಳೆ ಸುರಿಸುತ್ತಾರೆ, ಏನೇನೋ ಸರ್ಕಸ್ಸು ಮಾಡುತ್ತಾರೆ. ಇಲ್ಲಿ ಅದ್ಯಾವುದೂ ಬೇಡ. ಫೋನ್ ಚೆನ್ನಾಗಿದೆ, ಪೊಲೀಸರೂ ಕೆಟ್ಟವರಲ್ಲ. ಒಕ್ವೆ ಕೈಯಲ್ಲಿ ಆ ದೇಶದಲ್ಲಿರಲು ಬೇಕಾದ ಕಾಗದ ಇಲ್ಲ, ಅಷ್ಟೇ. ಕಾಗದ ಇಲ್ಲದವನಿಗೆ ಕಳ್ಳನೂ ಒಂದೇ, ಪೊಲೀಸೂ ಒಂದೇ. ಹುವಾನ್‌ನ ಬಂಡವಾಳವೇ ಅದು. ಇಂಥವರ ಕಿಡ್ನಿ ತೆಗೆಸಿ ಮಾರುವುದು, ಬದಲಿಗೆ ಅವರಿಗೊಂದು ಪಾಸ್‌ಪೋರ್ಟ್ ಕೊಡುವುದು ಅವನ ದಂಧೆ.

ಒಕ್ವೆ, ಶೆನಾಯ್ ಇಬ್ಬರೂ ‘ಅಕ್ರಮ ವಲಸಿಗರು’ ಅಲ್ವಾ?

ಇಲ್ಲ, ಇಬ್ಬರ ಸ್ಥಿತಿ ಬೇರೆ ಬೇರೆ. ಸಿನಿಮಾ ಇದನ್ನು ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಬಹಳ ಜನಕ್ಕೆ ಇಲ್ಲೇ ಗೊಂದಲ.

ಒಕ್ವೆ ಬಳಿ ಯಾವ ದಾಖಲೆಯೂ ಇಲ್ಲ. ಸಿಕ್ಕಿಬಿದ್ದರೆ ನೇರ ಗಡೀಪಾರು. ಶೆನಾಯ್ ಹಾಗಲ್ಲ. ಆಶ್ರಯ ಕೊಡಿ ಅಂತ ಅರ್ಜಿ ಹಾಕಿದ್ದಾಳೆ, ತೀರ್ಮಾನ ಬರುವ ತನಕ ಅಲ್ಲಿರಲು ಅವಳಿಗೆ ಹಕ್ಕಿದೆ. ಆದರೆ ದುಡಿಯುವಂತಿಲ್ಲ. ಮನೆಯಲ್ಲಿ ಯಾರನ್ನಾದರೂ ಇಟ್ಟುಕೊಂಡು ಬಾಡಿಗೆ ಪಡೆಯುವಂತೆಯೂ ಇಲ್ಲ. ಅವಳು ಎರಡನ್ನೂ ಮಾಡುತ್ತಿದ್ದಾಳೆ. ಅಂದರೆ ಇರುವುದು ಸಕ್ರಮ, ಹೊಟ್ಟೆ ಹೊರೆಯುವುದು ಅಕ್ರಮ.

ಆಗಿನ ಬ್ರಿಟನ್ನಿನ ನಿಯಮವನ್ನು ಸ್ವಲ್ಪ ನೋಡಬೇಕು. ಆರು ತಿಂಗಳಾದರೂ ಅರ್ಜಿ ತೀರ್ಮಾನ ಆಗದಿದ್ದರೆ ಕೆಲಸ ಮಾಡಲು ಅನುಮತಿ ಕೇಳುವ ಒಂದು ಅವಕಾಶ ಇತ್ತು. 2002ರ ಜುಲೈನಲ್ಲಿ ಅದನ್ನೂ ತೆಗೆದುಹಾಕಿದರು. ಸಿನಿಮಾ ಬಂದದ್ದು ಅದೇ ವರ್ಷ. ಅದಕ್ಕೂ ಮೊದಲು 2000ದಿಂದ 2002ರವರೆಗೆ ಆಶ್ರಯ ಕೇಳಿ ಬಂದವರಿಗೆ ನಗದಿನ ಬದಲು ಹೆಚ್ಚಾಗಿ ವೋಚರ್ ಕೊಡುತ್ತಿದ್ದರು. ಅಂಗಡಿಯ ಕ್ಯೂನಲ್ಲಿ ಎಲ್ಲರೂ ದುಡ್ಡು ಎಣಿಸುವಾಗ ಇವರು ಚೀಟಿ ತೆಗೆಯಬೇಕು. ರೇಷನ್ ಅಂಗಡಿಯಲ್ಲಿ ಕಾರ್ಡ್ ಹಿಡಿದು ನಿಂತವರಿಗೆ ಆ ಮುಜುಗರ ಗೊತ್ತು.

ಇನ್ನು ಮೂರನೆಯವನು ಗುವೊ ಯಿ. ಆಸ್ಪತ್ರೆಯ ಶವಾಗಾರದಲ್ಲಿ ಕೆಲಸ, ಒಕ್ವೆ ಜೊತೆ ಚೆಸ್ ಆಡುವವನು. ಅವನಿಗೆ ನಿರಾಶ್ರಿತ ಅಂತ ಅಧಿಕೃತ ಮನ್ನಣೆ ಸಿಕ್ಕಿದೆ. ಅವನ ಮಾತಿನಲ್ಲಿರುವ ಸಲೀಸು ನೋಡಿ, ತಮಾಷೆ ನೋಡಿ. ಕಾಗದ ಇರುವವನು ನಗಬಲ್ಲ.

ಒಕ್ವೆ ಸದಾ ಏನೋ ಎಲೆ ಜಗಿಯುತ್ತಾನಲ್ಲ, ಏನದು?

ಖಾತ್. ಪೂರ್ವ ಆಫ್ರಿಕಾ ಮತ್ತು ಯೆಮೆನ್ ಕಡೆ ಜಗಿಯುವ ಸೊಪ್ಪು. ನಿದ್ದೆ ದೂರ ಇಡುತ್ತದೆ, ಹಸಿವು ಕಡಿಮೆ ಮಾಡುತ್ತದೆ. ನಮ್ಮ ಲಾರಿ ಡ್ರೈವರ್‌ಗಳು ರಾತ್ರಿ ಘಾಟಿ ಇಳಿಯುವಾಗ ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಸಿನಿಮಾ ತೆಗೆದಾಗ ಬ್ರಿಟನ್ನಿನಲ್ಲಿ ಇದು ಕಾನೂನುಬಾಹಿರ ಆಗಿರಲಿಲ್ಲ. ನಿಷೇಧ ಬಂದದ್ದು 2014ರ ಜೂನ್‌ನಲ್ಲಿ.

ಕಿಡ್ನಿ ದಂಧೆ ಅಂದಮೇಲೆ ಕಮೋಡಿನಲ್ಲಿ ಹೃದಯ ಯಾಕೆ?

ಪ್ರತಿ ಸಲವೂ ಮೊದಲು ಏಳುವ ಕೈ ಇದಕ್ಕೇ. ಹೃದಯ ಮಾರಾಟಕ್ಕಲ್ಲ. ಕಿಡ್ನಿ ತೆಗೆಯಲು ಹೋಗಿ ಆ ಮನುಷ್ಯ ಸತ್ತಿರಬೇಕು, ಹೆಣವನ್ನು ತುಂಡು ಮಾಡಿ ಸಾಗಿಸಿರಬೇಕು, ಒಂದು ತುಂಡನ್ನು ಫ್ಲಶ್ ಮಾಡಲು ನೋಡಿದ್ದಾರೆ. ಸಿನಿಮಾ ಇದನ್ನು ಪೂರ್ತಿ ಬಿಡಿಸುವುದಿಲ್ಲ, ನಾವೇ ಕೂಡಿಸಿಕೊಳ್ಳಬೇಕು.

ದಂಧೆಗೆ ಕಿಡ್ನಿಯೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಮನುಷ್ಯನಿಗೆ ಎರಡಿರುತ್ತವೆ, ಒಂದು ಕೊಟ್ಟವನು ಬದುಕುತ್ತಾನೆ. ಹೊರತೆಗೆದ ಹೃದಯವನ್ನು ಐಸ್‌ನಲ್ಲಿಟ್ಟರೆ ನಾಲ್ಕೈದು ಗಂಟೆಯೊಳಗೆ ಕೂರಿಸಬೇಕು. ಕಿಡ್ನಿ ಒಂದು ದಿನ ತಡೆಯುತ್ತದೆ. ಥರ್ಮೊಕೋಲ್ ಡಬ್ಬಿಯಲ್ಲಿ ಹಾಕಿ ಊರು ದಾಟಿಸಬಹುದು.

ಹೋಟೆಲ್ ರೂಮಿನಲ್ಲಿ ನಿಜವಾಗಿ ಕಿಡ್ನಿ ತೆಗೆಯಬಹುದಾ?

ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ನರ್ಸ್ ಇದ್ದಾರೆ. ಅವರು ಈ ದೃಶ್ಯಕ್ಕೆ ನಕ್ಕುಬಿಟ್ಟರು. ಅರಿವಳಿಕೆ ಕೊಡುವವರು ಬೇಕು, ರಕ್ತ ಕಟ್ಟಿಡಬೇಕು, ಬೆಳಕು ಬೇಕು, ಸೋಂಕು ಆಗದ ಹಾಗೆ ನೋಡಿಕೊಳ್ಳಬೇಕು. ಅದಕ್ಕೂ ಮೊದಲು ಕೊಡುವವರ, ಪಡೆಯುವವರ ರಕ್ತದ ಗುಂಪು ಹೊಂದಬೇಕು, ಇಬ್ಬರ ರಕ್ತವನ್ನೂ ಬೆರೆಸಿ ಪರೀಕ್ಷೆ ಮಾಡಬೇಕು. ಇದ್ಯಾವುದೂ ಸಿನಿಮಾದಲ್ಲಿ ಇಲ್ಲ.

ಆದರೆ ಆ ಕೊರತೆಯ ಒಂದು ಫಲವನ್ನು ಸಿನಿಮಾ ತೋರಿಸುತ್ತದೆ. ಕಿಡ್ನಿ ಕೊಟ್ಟ ಸೊಮಾಲಿಯಾದ ಒಬ್ಬ ಮನುಷ್ಯ ಹೊಲಿಗೆ ಹಾಕಿದ ಜಾಗ ಕೀವಾಗಿ ಜ್ವರದಲ್ಲಿ ನರಳುತ್ತಾ ಮಲಗಿರುತ್ತಾನೆ. ಸುತ್ತ ಮನೆಯವರು. ಆಸ್ಪತ್ರೆಗೆ ಹೋದರೆ ಸಿಕ್ಕಿಬೀಳುವ ಭಯ. ಒಕ್ವೆ ಗುಟ್ಟಾಗಿ ಮದ್ದು ತಂದು ಗಾಯ ತೊಳೆಯುತ್ತಾನೆ. ಆ ದೃಶ್ಯಕ್ಕೆ ನಮ್ಮ ನರ್ಸಮ್ಮ ನಗಲಿಲ್ಲ.

ಇದು ನಿಜವಾಗಿ ನಡೆದ ಕಥೆಯಾ?

ಕಥೆ ಕಟ್ಟಿದ್ದು. ಆದರೆ ಲಂಡನ್, ಟರ್ಕಿ, ಕಿಡ್ನಿ ಈ ಮೂರೂ ಮೊದಲೇ ಒಮ್ಮೆ ಸೇರಿದ್ದವು. 1989ರಲ್ಲಿ ಟರ್ಕಿಯ ಬಡವರನ್ನು ದುಡ್ಡಿನ ಆಸೆ ತೋರಿಸಿ ಲಂಡನ್ನಿಗೆ ಕರೆತಂದು, ಖಾಸಗಿ ಆಸ್ಪತ್ರೆಯೊಂದರಲ್ಲಿ ಅವರ ಕಿಡ್ನಿ ತೆಗೆದ ಸುದ್ದಿ ಬ್ರಿಟಿಷ್ ಪತ್ರಿಕೆಗಳಲ್ಲಿ ಬಂತು. ದೊಡ್ಡ ಗಲಾಟೆಯಾಯಿತು. ಅದೇ ವರ್ಷ ಬ್ರಿಟನ್ ಅಂಗಾಂಗ ಮಾರಾಟವನ್ನು ಅಪರಾಧ ಮಾಡುವ ಕಾಯ್ದೆ ತಂದಿತು. ಸಿನಿಮಾದಲ್ಲಿ ಶೆನಾಯ್ ಟರ್ಕಿಯವಳು ಅನ್ನುವುದು ನೆನಪಿರಲಿ.

ಎರಡನೆಯದು ಸಿನಿಮಾ ಬಂದು ಇಪ್ಪತ್ತು ವರ್ಷದ ಮೇಲೆ. ಈ ಸಲ ನೈಜೀರಿಯಾ. ಅಲ್ಲಿನ ಸೆನೆಟ್‌ನ ಉಪಾಧ್ಯಕ್ಷರಾಗಿದ್ದ ಐಕ್ ಎಕ್ವೆರೆಮಡು, ತಮ್ಮ ಮಗಳಿಗೆ ಕಿಡ್ನಿ ಹಾಕಿಸಲು ಲಾಗೋಸಿನ ಬೀದಿ ವ್ಯಾಪಾರಿ ಹುಡುಗನೊಬ್ಬನನ್ನು ಲಂಡನ್ನಿಗೆ ಕರೆಸಿದರು. ಆಸ್ಪತ್ರೆಯಲ್ಲಿ ಅವನನ್ನು ಮಗಳ ಸಂಬಂಧಿ ಎಂದು ಹೇಳಿದ್ದರು. ವೈದ್ಯರು ಒಪ್ಪಲಿಲ್ಲ. ಆಮೇಲೆ ಆ ಹುಡುಗ ತಪ್ಪಿಸಿಕೊಂಡು ಬೀದಿಯಲ್ಲಿ ಮಲಗಿ, ಕೊನೆಗೆ ತಾನೇ ನಡೆದುಕೊಂಡು ಒಂದು ಪೊಲೀಸ್ ಠಾಣೆಗೆ ಹೋದ. 2023ರ ಮಾರ್ಚ್‌ನಲ್ಲಿ ಸೆನೆಟರ್, ಅವರ ಹೆಂಡತಿ ಮತ್ತು ಒಬ್ಬ ವೈದ್ಯ ತಪ್ಪಿತಸ್ಥರು ಎಂದು ತೀರ್ಪಾಯಿತು. ಮಗಳು ಖುಲಾಸೆಯಾದಳು. ಸೆನೆಟರ್‌ಗೆ 9 ವರ್ಷ 8 ತಿಂಗಳ ಶಿಕ್ಷೆ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯಡಿ ಅಂಗಾಂಗ ಸಾಗಣೆಗೆ ಆದ ಮೊದಲ ಶಿಕ್ಷೆ ಇದು.

ಒಕ್ವೆ ಕೆಳಗಿಟ್ಟ ಫೋನನ್ನು ಆ ಹುಡುಗ ಎತ್ತಿದ ಅಂತ ನನಗೆ ಓದುವಾಗ ಅನ್ನಿಸಿತ್ತು.

ಒಪ್ಪಿಯೇ ಕೊಟ್ಟಿದ್ದಲ್ವಾ? ಒಬ್ಬನಿಗೆ ಪಾಸ್‌ಪೋರ್ಟ್, ಇನ್ನೊಬ್ಬನಿಗೆ ಜೀವ. ಯಾರಿಗೇನು ನಷ್ಟ?

ಹುವಾನ್ ಕೂಡ ಇದನ್ನೇ ಹೇಳುತ್ತಾನೆ. ಎಲ್ಲರಿಗೂ ಲಾಭ ಅಂತ. ಕೇಳುವಾಗ ಒಂದು ಕ್ಷಣ ಹೌದಲ್ಲ ಅನ್ನಿಸುತ್ತದೆ, ಪಾತ್ರವನ್ನು ಚೆನ್ನಾಗಿ ಬರೆದಿದ್ದಾರೆ.

ಆದರೆ ಲೆಕ್ಕ ನೋಡಿ. ಕಿಡ್ನಿ ಕೊಟ್ಟವರು ಆಮೇಲೆ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ರಕ್ತ ತೋರಿಸಿಕೊಳ್ಳಬೇಕು. ಉಳಿದಿರುವುದು ಒಂದೇ. ಕಾಗದ ಇಲ್ಲದವನು ಯಾವ ಆಸ್ಪತ್ರೆಗೆ ಹೋಗಬೇಕು? ದಲ್ಲಾಳಿ ಹೇಳಿದ್ದಕ್ಕಿಂತ ಕಡಿಮೆ ಕೊಟ್ಟರೆ, ಅಥವಾ ಪಾಸ್‌ಪೋರ್ಟೇ ಕೊಡದಿದ್ದರೆ, ಯಾರಿಗೆ ದೂರು ಕೊಡಬೇಕು? ಬೇಡ ಅನ್ನಲು ದಾರಿಯೇ ಇಲ್ಲದವನ ಹೂಂ ಅನ್ನುವ ಮಾತಿಗೆ ಎಷ್ಟು ತೂಕ ಇರುತ್ತದೆ, ನೀವೇ ಹೇಳಿ. 2008ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ವೈದ್ಯರು ಮತ್ತು ತಜ್ಞರು ಅಂಗಾಂಗ ವ್ಯಾಪಾರದ ವಿರುದ್ಧ ಒಂದು ಘೋಷಣೆ ಹೊರಡಿಸಿದರು. ಬಡವರು, ದಾಖಲೆ ಇಲ್ಲದ ವಲಸಿಗರು, ಇಂಥವರೇ ಗುರಿಯಾಗುತ್ತಾರೆ ಅನ್ನುವುದನ್ನು ಅದರಲ್ಲಿ ನೇರವಾಗಿಯೇ ಹೇಳಿದ್ದಾರೆ.

ನಮ್ಮ ಕಡೆ ಕಾನೂನು ಏನಿದೆ?

ಕಾನೂನು ಬರುವ ಮೊದಲು ಕಿಡ್ನಿ ವ್ಯಾಪಾರಕ್ಕೆ ಹೆಸರಾಗಿದ್ದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಭಾರತದಲ್ಲಿ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು, 2011ರಲ್ಲಿ ತಿದ್ದುಪಡಿಯಾಯಿತು. ಹತ್ತಿರದ ಸಂಬಂಧಿ ಅಲ್ಲದವರು ಕೊಡಬೇಕಾದರೆ ಸಮಿತಿಯೊಂದರ ಒಪ್ಪಿಗೆ ಬೇಕು. ದುಡ್ಡು ಕೊಟ್ಟು ಪಡೆಯುವುದು, ಮಾರುವುದು, ಮಧ್ಯೆ ನಿಂತು ಕುದುರಿಸುವುದು ಮೂರೂ ಅಪರಾಧ. ಆದರೂ ದಲ್ಲಾಳಿಗಳು ಸುಳ್ಳು ಸಂಬಂಧ, ಸುಳ್ಳು ವಿಳಾಸ ಹುಟ್ಟಿಸಿ ಸಿಕ್ಕಿಬಿದ್ದ ಸುದ್ದಿ ಆಗಾಗ ಓದುತ್ತಲೇ ಇರುತ್ತೇವೆ. ಸತ್ತ ಮೇಲೆ ಅಂಗಾಂಗ ದಾನ ಮಾಡುವುದನ್ನು ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಅದು ಬೇರೆಯೇ ವಿಷಯ, ಇದರ ಜೊತೆ ಕಲಸಬೇಡಿ.

ಲಂಡನ್ ಕಥೆ ನಮಗ್ಯಾಕೆ?

ಇದನ್ನು ಕೇಳಿದವರು ಘಟ್ಟದ ಮೇಲಿನವರು. ಕರಾವಳಿಯವರು ಕೇಳಲಿಲ್ಲ. ಗಲ್ಫ್‌ಗೆ ಒಬ್ಬರಾದರೂ ಹೋಗದ ಮನೆ ನಮ್ಮ ಕಡೆ ಕಡಿಮೆ.

ನನ್ನ ದೊಡ್ಡಮ್ಮನ ಮಗ, ನಾವು ಅಣ್ಣ ಅಂತಲೇ ಕರೆಯುವುದು, ಶಾರ್ಜಾದ ಒಂದು ಲಾಂಡ್ರಿಯಲ್ಲಿದ್ದ. ಹೋದ ದಿನವೇ ಪಾಸ್‌ಪೋರ್ಟ್ ಮಾಲೀಕನ ಡ್ರಾಯರ್ ಸೇರಿತು. ಹಾಗೆ ಇಟ್ಟುಕೊಳ್ಳುವುದು ಅಲ್ಲೂ ಕಾನೂನಿಗೆ ವಿರುದ್ಧವೇ. ನಾಲ್ಕು ತಿಂಗಳು ಸಂಬಳ ಬರದಿದ್ದಾಗ ಅಣ್ಣ ಅಲ್ಲಿಂದ ಹೊರಬಿದ್ದ. ಹೊರಬಿದ್ದ ಕೂಡಲೇ ವೀಸಾ ಹೋಯಿತು. ಅಲ್ಲಿ ಅಂಥವರನ್ನು ನಮ್ಮವರು ‘ಖಲ್ಲಿವಲ್ಲಿ’ ಅನ್ನುತ್ತಾರೆ. ಅರಬಿಯ ಮಾತು, ‘ಬಿಡು ಅತ್ಲಾಗೆ’ ಅನ್ನುವ ಹಾಗೆ. ಎರಡು ವರ್ಷ ಅವನು ಖಲ್ಲಿವಲ್ಲಿಯಾಗಿ ಕಟ್ಟಡದಿಂದ ಕಟ್ಟಡಕ್ಕೆ ದಿನಗೂಲಿಗೆ ಅಲೆದ. ಒಮ್ಮೆ ದವಡೆ ಹಲ್ಲು ಹುಳುಕಾಗಿ ಮುಖ ಊದಿಕೊಂಡಿತ್ತಂತೆ. ಕ್ಲಿನಿಕ್ಕಿಗೆ ಹೋಗಲಿಲ್ಲ. ಊರಿಂದ ಬರುವವರ ಕೈಲಿ ದೊಡ್ಡಮ್ಮ ಲವಂಗದ ಎಣ್ಣೆ ಕಳಿಸಿದರು. ಕೊನೆಗೆ ಆ ಹಲ್ಲನ್ನು ರೂಮಿನವನೊಬ್ಬ ಇಕ್ಕಳದಲ್ಲಿ ಕಿತ್ತ. ಯಾಕೆ ಹೋಗಲಿಲ್ಲ ಅಂತ ನಾನು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: “ಬಾಗಿಲಲ್ಲೇ ಐಡಿ ಕೇಳ್ತಾರೆ ಮಾರಾಯ.”

2018ರಲ್ಲಿ ಯುಎಇ ಸರ್ಕಾರ ಕ್ಷಮಾದಾನ ಘೋಷಿಸಿದಾಗ ಔಟ್‌ಪಾಸ್, ಅಂದರೆ ದೇಶ ಬಿಟ್ಟು ಹೋಗಲು ಕೊಡುವ ಕಾಗದ, ಮಾಡಿಸಿಕೊಂಡು ಊರಿಗೆ ಬಂದ. ನಾವು ಎರಡನೇ ಸಲ ಈ ಸಿನಿಮಾ ಹಾಕಿದಾಗ ಪಕ್ಕದಲ್ಲೇ ಕೂತಿದ್ದ. ಸೊಮಾಲಿಯಾದವನ ಗಾಯ ತೊಳೆಯುವ ದೃಶ್ಯ ಬಂದಾಗ ಎದ್ದು ಕೆಳಗೆ ಹೋದ. ನೀರು ಕುಡಿಯೋಕೆ ಅಂದ. ಅದು ಮುಗಿಯುವ ತನಕ ಬರಲಿಲ್ಲ.

ಪಾತ್ರ ಮಾಡಿದವರು ನಿಜವಾಗಿ ಆಯಾ ದೇಶದವರೇನಾ?

ಕೆಲವರು ಹೌದು, ಕೆಲವರು ಅಲ್ಲ. ಒಕ್ವೆ ಆಗಿರುವ ಚಿವೆಟೆಲ್ ಎಜಿಯೋಫೋರ್ ಹುಟ್ಟಿದ್ದು ಲಂಡನ್ನಿನಲ್ಲೇ, ಅಪ್ಪ ಅಮ್ಮ ನೈಜೀರಿಯಾದವರು. ಶೆನಾಯ್ ಆಗಿರುವ ಓಡ್ರಿ ಟೋಟು ಫ್ರೆಂಚ್ ನಟಿ, ಹಿಂದಿನ ವರ್ಷವಷ್ಟೇ ಜಗತ್ತಿಗೆಲ್ಲ ಪರಿಚಯವಾಗಿದ್ದರು. ಟರ್ಕಿಯವಳ ಇಂಗ್ಲಿಷನ್ನು ಫ್ರೆಂಚ್ ನಾಲಿಗೆಯಲ್ಲಿ ಆಡುವುದು ಅಲ್ಲಲ್ಲಿ ಎಡವುತ್ತದೆ, ನನಗಂತೂ ಕಿವಿಗೆ ಚುಚ್ಚಿತು. ಹುವಾನ್ ಪಾತ್ರದ ಸೆರ್ಜಿ ಲೋಪೆಸ್ ಸ್ಪೇನಿನ ಕಟಲಾನ್ ನಾಡಿನವರು. ಜೂಲಿಯೆಟ್ ಆಗಿ ಸೋಫಿ ಒಕೊನೆಡೊ, ಗುವೊ ಯಿ ಆಗಿ ಬೆನೆಡಿಕ್ಟ್ ವಾಂಗ್.

ಎಜಿಯೋಫೋರ್ ಅವರ ಕಣ್ಣು ಮಾತ್ರ ಮರೆಯುವ ಹಾಗಿಲ್ಲ. ಮಾತು ಕಮ್ಮಿ, ದನಿ ಏರುವುದಿಲ್ಲ. ನಿದ್ದೆಗೆಟ್ಟ ಮನುಷ್ಯ ಹೇಗೆ ರೆಪ್ಪೆ ಬಡಿಯುತ್ತಾನೆ ಅನ್ನುವುದನ್ನು ಅವರು ಎಲ್ಲೋ ಕೂತು ನೋಡಿದ್ದಾರೆ.

ಲಂಡನ್ ಅಂತೀರಿ, ಆ ದೊಡ್ಡ ಗಡಿಯಾರ ಎಲ್ಲಿ? ಇಂಗ್ಲಿಷರು ಎಲ್ಲಿ?

ಬೇಕಂತಲೇ ಬಿಟ್ಟಿದ್ದಾರೆ. ನಾವು ನೋಡುವುದು ಅಡುಗೆಮನೆ, ಹಿಂಬಾಗಿಲು, ಕಾರು ನಿಲ್ಲಿಸುವ ನೆಲಮಾಳಿಗೆ, ಬಟ್ಟೆ ಹೊಲಿಯುವ ಇಕ್ಕಟ್ಟಿನ ಕಾರ್ಖಾನೆ, ಶವಾಗಾರ. ರಾಣಿಯ ಲಂಡನ್ನನ್ನು ರಾತ್ರಿ ಎಚ್ಚರವಾಗಿಡುವವರ ಲಂಡನ್ ಇದು. ಇಂಗ್ಲಿಷರು ಬಂದರೂ ವಲಸೆ ಇಲಾಖೆಯ ಅಧಿಕಾರಿಗಳಾಗಿಯೋ ಗಿರಾಕಿಗಳಾಗಿಯೋ ಬರುತ್ತಾರೆ. ಕಿಡ್ನಿ ಹಾಕಿಸಿಕೊಳ್ಳುವ ಮನುಷ್ಯನನ್ನು ಒಮ್ಮೆಯೂ ತೋರಿಸುವುದಿಲ್ಲ. ಮೊದಲ ಸಲ ನೋಡಿದಾಗ ಇದು ಕೊರತೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ದುಡ್ಡು ಕೊಡುವವನು ಎಲ್ಲೋ ಮೇಲೆ ಬೆಚ್ಚಗೆ ಮಲಗಿರುತ್ತಾನೆ, ಕೆಳಗಿನವರಿಗೆ ಅವನ ಮುಖ ಕಾಣುವುದೇ ಇಲ್ಲ.

ಇನ್ನೊಂದು. ಇಲ್ಲಿ ಹಿಂಡುವವರಲ್ಲೂ ಎಷ್ಟೋ ಜನ ವಲಸಿಗರೇ. ಹುವಾನ್ ಸ್ಪೇನಿನವನು. ಒಂದು ಮೆಟ್ಟಿಲು ಮೇಲೆ ಹತ್ತಿದವನೇ ಕೆಳಗಿನವನ ತಲೆ ಮೇಲೆ ಕಾಲಿಡುವುದು. ಗಲ್ಫ್‌ನಲ್ಲಿ ಕೆಲಸ ಕೊಡಿಸುತ್ತೇನೆ ಅಂತ ನಮ್ಮ ಹುಡುಗರ ಹತ್ತಿರ ದುಡ್ಡು ನುಂಗುವ ಏಜೆಂಟ್ ಎಷ್ಟೋ ಸಲ ನಮ್ಮ ಊರಿನವನೇ ಅಲ್ವಾ.

ಮಕ್ಕಳ ಜೊತೆ ನೋಡಬಹುದಾ?

ಬೇಡ. ರಕ್ತ ಇದೆ, ಅದಕ್ಕಿಂತ ಹೆಚ್ಚಾಗಿ ಲೈಂಗಿಕ ದೌರ್ಜನ್ಯ ಇದೆ. ಶೆನಾಯ್ ಆಮೇಲೆ ಕೆಲಸಕ್ಕೆ ಸೇರುವ ಹೊಲಿಗೆ ಕಾರ್ಖಾನೆಯ ಮಾಲೀಕ ಅವಳಿಗೆ ಮಾಡುವುದನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿಲ್ಲ, ಆದರೆ ಕೂತು ನೋಡುವುದು ಕಷ್ಟ.

ಎಚ್ಚರಿಕೆ: ಇಲ್ಲಿಂದ ಮುಂದೆ ಕ್ಲೈಮ್ಯಾಕ್ಸ್ ಗುಟ್ಟು ಇದೆ. ಕೊನೆಗೆ ಏನಾಗುತ್ತದೆ?

ಬೇರೆ ದಾರಿ ಕಾಣದೆ ಶೆನಾಯ್ ಪಾಸ್‌ಪೋರ್ಟಿಗಾಗಿ ಕಿಡ್ನಿ ಕೊಡಲು ಒಪ್ಪುತ್ತಾಳೆ. ಹುವಾನ್ ಅಷ್ಟಕ್ಕೇ ಬಿಡುವುದಿಲ್ಲ, ಅವಳ ಮೈಯನ್ನೂ ಕಸಿಯುತ್ತಾನೆ. ಆಪರೇಷನ್ ಮಾಡಲು ಒಕ್ವೆ ಒಪ್ಪಿಕೊಳ್ಳುತ್ತಾನೆ. ಆದರೆ ಮಂಚದ ಮೇಲೆ ಮಲಗುವುದು ಶೆನಾಯ್ ಅಲ್ಲ. ಹುವಾನ್‌ಗೆ ಮದ್ದು ಹಾಕಿ ಮಲಗಿಸಿ, ಅವನದೇ ರೂಮಿನಲ್ಲಿ, ಅವನದೇ ಕಿಡ್ನಿ ತೆಗೆಯುತ್ತಾರೆ. ಜೂಲಿಯೆಟ್ ಪಕ್ಕದಲ್ಲಿ ನಿಂತು ನೆರವಾಗುತ್ತಾಳೆ.

ಐಸ್ ಡಬ್ಬಿಯನ್ನು ನೆಲಮಾಳಿಗೆಗೆ ಒಯ್ದಾಗ ಕೊಳ್ಳಲು ಬಂದವನು ಕೇಳುತ್ತಾನೆ, ನಿಮ್ಮನ್ನು ಇದುವರೆಗೆ ನೋಡೇ ಇಲ್ಲವಲ್ಲ ಅಂತ. ಒಕ್ವೆ ಉತ್ತರದ ತಾತ್ಪರ್ಯ: ನಿಮಗೆ ಕಾಣದವರು ನಾವೇ, ನಿಮ್ಮ ಕಾರು ಓಡಿಸುವವರು, ನಿಮ್ಮ ರೂಮು ಗುಡಿಸುವವರು, ನಿಮ್ಮ ಹಾಸಿಗೆಗೆ ಬರುವವರು. ಮೂಲದ ಮಾತು ಇನ್ನೂ ಹಸಿಯಾಗಿದೆ, ಇಲ್ಲಿ ಬರೆಯುವ ಹಾಗಿಲ್ಲ. ಪಂಚೆ ಪರದೆಯ ಮುಂದೆ ಮೂರೂ ಸಲ ಚಪ್ಪಾಳೆ ಬಿದ್ದದ್ದು ಇಲ್ಲೇ.

ಡಾಕ್ಟರ್ ಆದವನು ಹಾಗೆ ಮಾಡಬಹುದಾ?

ಇದರ ಮೇಲೆ ನಮ್ಮಲ್ಲಿ ಚಹಾ ಆರುವ ತನಕ ಜಗಳವಾಗಿದೆ. ನರ್ಸಮ್ಮನ ಪ್ರಕಾರ ಖಂಡಿತ ತಪ್ಪು, ಮಲಗಿದ್ದ ಮನುಷ್ಯನನ್ನು ಕೇಳದೆ ಕೊಯ್ದರೆ ಒಕ್ವೆಗೂ ಹುವಾನ್‌ಗೂ ಏನು ವ್ಯತ್ಯಾಸ? ನನ್ನ ಕಷ್ಟ ಬೇರೆ. ತಪ್ಪು ಸರಿ ಇರಲಿ, ಇದು ಸಿನಿಮಾದವರಿಗೆ ಸಿಕ್ಕ ಸುಲಭದ ಬಾಗಿಲು. ನಿಜವಾದ ಹುವಾನ್‌ಗಳು ಇಷ್ಟು ಸಲೀಸಾಗಿ ಕುಡಿದು ಮಲಗುವುದಿಲ್ಲ. ಒಂದು ಗಂಟೆಗೂ ಹೆಚ್ಚು ಹೊತ್ತು ಬಾಗಿಲೇ ಇಲ್ಲದ ಕೋಣೆ ತೋರಿಸಿ, ಕೊನೆಯ ಹದಿನೈದು ನಿಮಿಷಕ್ಕೆ ಗೋಡೆಯಲ್ಲಿ ಕಿಂಡಿ ಕೊರೆದ ಹಾಗಿದೆ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ, ಅದು ಬೇರೆ ಮಾತು.

ಆಮೇಲೆ ಬ್ರಿಟನ್ನಿನಲ್ಲಿ ಏನಾದರೂ ಬದಲಾಯಿತಾ?

ಎರಡೂ ದಿಕ್ಕಿಗೆ. 2004ರ ಫೆಬ್ರವರಿಯಲ್ಲಿ ಮೋರ್ಕಮ್ ಕೊಲ್ಲಿಯಲ್ಲಿ ರಾತ್ರಿ ಕಪ್ಪೆಚಿಪ್ಪು ಹೆಕ್ಕುತ್ತಿದ್ದ ಚೀನಾದ ಕೂಲಿಗಳು ಉಬ್ಬರದ ನೀರಿಗೆ ಸಿಕ್ಕಿ ಸತ್ತರು, ಕನಿಷ್ಠ 21 ಜನ. ಬಹುತೇಕ ಯಾರ ಬಳಿಯೂ ಕಾಗದ ಇರಲಿಲ್ಲ. ಸಮುದ್ರದ ಏರಿಳಿತ ಹೇಳಿಕೊಡುವವರೂ ಇರಲಿಲ್ಲ. ಅದೇ ವರ್ಷ ಹೊಲ, ಮೀನು, ಚಿಪ್ಪಿನ ಕೆಲಸಕ್ಕೆ ಕೂಲಿಯವರನ್ನು ಒದಗಿಸುವ ಮೇಸ್ತ್ರಿಗಳು ಲೈಸೆನ್ಸ್ ಪಡೆಯಬೇಕು ಅನ್ನುವ ಕಾನೂನು ಬಂತು. 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ.

ಇನ್ನೊಂದು ಕಡೆ, 2012ರಿಂದ ಅಲ್ಲಿನ ಗೃಹ ಇಲಾಖೆ ‘ಪ್ರತಿಕೂಲ ವಾತಾವರಣ’ ಅನ್ನುವ ನೀತಿ ಹಿಡಿಯಿತು. 2014 ಮತ್ತು 2016ರ ವಲಸೆ ಕಾಯ್ದೆಗಳಿಂದ ಮನೆ ಬಾಡಿಗೆಗೆ ಕೊಡುವವರು, ಬ್ಯಾಂಕಿನವರು ಎಲ್ಲರೂ ಕಾಗದ ನೋಡುವ ಹಾಗಾಯಿತು. 2016ರಲ್ಲಿ ಅನುಮತಿ ಇಲ್ಲದೆ ದುಡಿಯುವುದೇ ಒಂದು ಅಪರಾಧವಾಯಿತು. ಈಗ ಶೆನಾಯ್ ಆ ಕಾರ್ಖಾನೆಯ ಮಾಲೀಕನ ಮೇಲೆ ದೂರು ಕೊಡಲು ಹೋದರೆ ಮೊದಲು ತನ್ನ ಅಪರಾಧವನ್ನೇ ಒಪ್ಪಿಕೊಳ್ಳಬೇಕು. 2002ಕ್ಕಿಂತ ಫೋನ್ ಇನ್ನೂ ಭಾರ.

ಪ್ರಶಸ್ತಿ ಬಂತಾ?

ಮೂಲ ಚಿತ್ರಕಥೆಗಾಗಿ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಸಿಗಲಿಲ್ಲ. ಬ್ರಿಟಿಷ್ ಇಂಡಿಪೆಂಡೆಂಟ್ ಫಿಲ್ಮ್ ಪ್ರಶಸ್ತಿಯಲ್ಲಿ 2003ರ ಅತ್ಯುತ್ತಮ ಚಿತ್ರ ಇದೇ.

ಎರಡನೇ ಸಲ ನೋಡುವಾಗ ಏನು ಗಮನಿಸಲಿ?

ಶೆನಾಯ್‌ಳ ನ್ಯೂಯಾರ್ಕ್. ಅಲ್ಲಿ ಮರಕ್ಕೆಲ್ಲ ದೀಪ ಕಟ್ಟಿರುತ್ತಾರೆ, ಪೊಲೀಸರು ಬಿಳಿ ಕುದುರೆ ಮೇಲೆ ಬರುತ್ತಾರೆ ಅಂತ ಅವಳು ಕನಸು ಕಾಣುತ್ತಾಳೆ. ಇಡೀ ಸಿನಿಮಾದಲ್ಲಿ ಪೊಲೀಸರ ಬಗ್ಗೆ ಯಾರಾದರೂ ಪ್ರೀತಿಯಿಂದ ಮಾತಾಡುವುದು ಅದೊಂದೇ ಸಲ.

ಇನ್ನು ಫೋನುಗಳು. ಶುರುವಿನಲ್ಲಿ ಹುವಾನ್ ಕೈಗಿಟ್ಟ ಫೋನಿನಲ್ಲಿ ಒಕ್ವೆಗೆ ತನ್ನ ಹೆಸರು ಹೇಳಲಾಗುವುದಿಲ್ಲ. ಕೊನೆಗೆ ವಿಮಾನ ನಿಲ್ದಾಣ. ಶೆನಾಯ್ ನ್ಯೂಯಾರ್ಕಿಗೆ ಹೊರಟಿದ್ದಾಳೆ, ಅವನು ಲಾಗೋಸಿಗೆ. ಅವಳನ್ನು ಕಳಿಸಿ ಬಂದವನು ಫೋನಿನ ಮುಂದೆ ನಿಂತು ಮಗಳ ನಂಬರ್ ಒತ್ತುತ್ತಾನೆ. ಆ ಕಡೆ ಎತ್ತುತ್ತಾರೆ. ಈ ಸಲ ಇಡುವುದಿಲ್ಲ, ಮನೆಗೆ ಬರುತ್ತಿದ್ದೇನೆ ಅನ್ನುತ್ತಾನೆ.